ಅಕ್ಕನ ವರದಿ

ಉಟ್ಕೂರಿನವರಾದ ನಾವು ಕನ್ನಡ ಶಾಲೆಯ ಮಕ್ಕಳಿಗೆ, ಜೀವಕೋಶವು ಒಡೆದು ಎರಡಾಗುವ ಬಗೆಯನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದು ತೋರಿಸಿದ್ದೇವೋ ಲೆಕ್ಕವಿಲ್ಲ. ಮಕ್ಕಳು ಬಾಯಿಪಾಠ ಮಾಡಿದರು, ಪರೀಕ್ಷೆಯಲ್ಲಿ ಅಂಕ ಪಡೆದರು. ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆವು. ಅಕ್ಕನ ಎದೆಯ ಗಂಟಿನ ವರದಿ ಹೈದರಾಬಾದಿನಿಂದ ಕೈಸೇರಿದ ದಿನ ಆ ಭಾವನೆ ಅಳಿಯಿತು. ಅದರಲ್ಲಿ ‘ಕೆಐ-67: ಶೇಕಡಾ 40’ ಎಂದಿತ್ತು.

“ಏನಂತ ಬರದಾರ, ತಮ್ಮಾ?” ಎಂದು ಅಕ್ಕ ಕೇಳಿದಳು.

“ಏನಿಲ್ಲಕ್ಕಾ, ಲೆಕ್ಕ ಬರದಾರ” ಎಂದೆವು. ತಿಳಿಯದುದನ್ನು ತಿಳಿಯದೆನ್ನುವ ಧೈರ್ಯ ಮಾಸ್ತರನಿಗೆ ಬರಲಿಲ್ಲ.

ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ವಾಚಕರಲ್ಲಿ ನಿವೇದಿಸುತ್ತೇವೆ.

ದೇಹವು ಪರಕೀಯ ವಸ್ತುವನ್ನು ಗುರುತಿಸಿ ಹಿಡಿಯಲು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ಸೃಷ್ಟಿಸುತ್ತದೆ. ಒಂದೇ ಗುರುತನ್ನು ಹಿಡಿಯುವ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಉಪಾಯವನ್ನು ಕೇಂಬ್ರಿಡ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನರು 1975ರಲ್ಲಿ ಪ್ರಕಟಿಸಿದರು. ಅದೇ ಉಪಾಯದಿಂದ ಜರ್ಮನಿಯ ಕೀಲ್ ನಗರದಲ್ಲಿ ಗೆರ್ಡೆಸ್ ಮತ್ತು ಸಂಗಡಿಗರು ಇಲಿಗಳ ಮೂಲಕ ಪಡೆದ ಪ್ರತಿಕಾಯವೊಂದು 1983ರಲ್ಲಿ ಬೆಳಕಿಗೆ ಬಂದಿತು. ‘ಕೆಐ’ ಎಂಬುದು ಆ ಊರಿನ ಹೆಸರಿನ ಮೊದಲೆರಡು ಅಕ್ಷರ. 67 ಎಂಬುದು ತಟ್ಟೆಯಲ್ಲಿ ಅದು ದೊರೆತ ಕುಳಿಯ ಸಂಖ್ಯೆ. ವಿಭಜನೆಯ ಹಾದಿ ಹಿಡಿದ ಕೋಶಗಳ ಕೇಂದ್ರಕ್ಕೆ ಅದು ಅಂಟಿಕೊಳ್ಳುತ್ತಿತ್ತು. ವಿಶ್ರಾಂತಿಯಲ್ಲಿದ್ದ ಕೋಶಗಳನ್ನು ಬಿಟ್ಟುಬಿಡುತ್ತಿತ್ತು. ಅದು ಹಿಡಿದ ಪ್ರೋಟೀನಿಗೂ ಅದೇ ಹೆಸರು ನಿಂತಿತು.

ಈಗ ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ಆ ಪ್ರೋಟೀನನ್ನು ಹಿಡಿಯುವ ಪ್ರತಿಕಾಯವನ್ನು ಹಾಕುತ್ತಾರೆ. ಬಣ್ಣ ಬರಿಸುವ ಕಿಣ್ವವೊಂದರ ನೆರವಿನಿಂದ, ಪ್ರತಿಕಾಯ ಅಂಟಿದ ಕೋಶಕೇಂದ್ರಗಳು ಕಂದಾಗಿಯೂ ಉಳಿದವು ನೀಲಿಯಾಗಿಯೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ನೂರು ಗಂತಿಕೋಶಗಳಲ್ಲಿ ನಲವತ್ತು ಕಂದಾಗಿದ್ದವು. ಅಕ್ಕನ ಲೆಕ್ಕವೆಂದರೆ ಅದು.

ಆ ಪ್ರೋಟೀನಿನ ಒಂದು ಕೆಲಸವನ್ನು ವಿಯೆನ್ನಾದ ವಿಜ್ಞಾನಿಗಳು 2016ರಲ್ಲಿ ತೋರಿಸಿದರು: ಕೋಶವು ಒಡೆಯುವಾಗ ಅದು ವರ್ಣತಂತುಗಳನ್ನು ಹೊದ್ದು, ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಇದನ್ನು ಹೇಳಿದಾಗ, ನಾರಾಯಣಪೇಟೆ ಸೀರೆಯ ಮಗ್ಗದ ಮುಂದೆಯೇ ವಯಸ್ಸು ಕಳೆದ ಅಕ್ಕ, “ಹಾಸಿನ ಎಳಿಗೆ ಗಂಜಿ ಹಚ್ಚಿದಂಗ ಆತು ಬಿಡು” ಎಂದಳು. ನಮ್ಮ ಯಾವ ಪಾಠವೂ ಅಷ್ಟು ಸ್ಪಷ್ಟವಾಗಿರಲಿಲ್ಲ.

“ಹಂಗಾದ್ರ ನಲವತ್ತು ಅಂದ್ರ ಕೆಟ್ಟೇನು?”

ಈ ಸಲ ಸುಳ್ಳಾಡಲಿಲ್ಲ. ಗಂಟು ವೇಗವಾಗಿ ಬೆಳೆಯುವಂಥದೆಂದೂ, ಆ ಒಂದೇ ಅಂಕೆಯಿಂದ ತೀರ್ಪಾಗದೆಂದೂ, ಒಡೆಯುತ್ತಿರುವ ಕೋಶಗಳಿಗೇ ಹೆಚ್ಚಾಗಿ ನಾಟುವ ಔಷಧಿಗಳಿವೆಯೆಂದೂ ವೈದ್ಯರು ಹೇಳಿದ್ದನ್ನು ಹಾಗೆಯೇ ತಿಳಿಸಿದೆವು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ಅವತ್ತೇ ಹೇಳಿದ್ರ ರಾತ್ರಿ ನಿದ್ದಿ ಬರ್ತಿತ್ತು, ತಮ್ಮಾ” ಎಂದಳು.

ಆಕೆಯ ಔಷಧೋಪಚಾರ ಇನ್ನೂ ನಡೆದಿದೆ. ಕೋಶವಿಭಜನೆಯ ಪಾಠ ಬಂದಾಗ ನಾವೀಗ ಹಲಗೆಯ ಚಿತ್ರದ ಪಕ್ಕದಲ್ಲಿ ನೂರು ಚುಕ್ಕೆಗಳನ್ನಿಟ್ಟು, ನಲವತ್ತಕ್ಕೆ ಕಂದು ಸುಣ್ಣದ ಕಡ್ಡಿಯಿಂದ ಬಣ್ಣ ಹಚ್ಚುತ್ತೇವೆ. ಮಕ್ಕಳು ಪ್ರಶ್ನೆ ಕೇಳುತ್ತಾರೆ. ಉತ್ತರ ತಿಳಿಯದಿದ್ದಲ್ಲಿ, ತಿಳಿಯದು ಎನ್ನುತ್ತೇವೆ. ತಿಳಿದು ಬಂದು ನಾಳೆ ಹೇಳುತ್ತೇವೆ.