ದೂರಸವಾರಿಯ ಮೊದಲ ಪಾಠ

ತೊಂಡೇಬಾವಿಯ ಕೆಮ್ಮಣ್ಣಿನ ಬಂಡಿದಾರಿಯಲ್ಲಿ ಹೊಸದಾಗಿ ಕುದುರೆಯೇರಿದ ತರುಣನಿಗೆ ನಾಗಾಲೋಟದ ಆಸೆ ಸಹಜವಾದುದು. ದೂರಸವಾರಿಯ ಪಂದ್ಯವಾದರೋ ಮೊದಲು ಆ ಆಸೆಯನ್ನೇ ಅಡಗಿಸುತ್ತದೆ. 1955ರಲ್ಲಿ ಅಮೆರಿಕದ ವೆಂಡೆಲ್ ರಾಬಿ ಎಂಬಾತನು ಕೆಲವರೊಡನೆ 100 ಮೈಲಿಗಳ ಬೆಟ್ಟದಾರಿಯನ್ನು ಒಂದೇ ದಿನದಲ್ಲಿ ಕ್ರಮಿಸಿದಂದಿನಿಂದ ಈ ಕ್ರೀಡೆಗೆ ಇಂದಿನ ರೂಪ ಮೂಡತೊಡಗಿತು. ನಡುನಡುವೆ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುವರು. ಗೊತ್ತುಪಡಿಸಿದ ವೇಳೆಯೊಳಗೆ ನಾಡಿಬಡಿತವು ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ, ಇಲ್ಲವೆ ನಡಿಗೆಯಲ್ಲಿ ಕುಂಟು ಕಂಡರೆ, ಎಲ್ಲರಿಗಿಂತ ಮುಂದೆ ಬಂದವನೂ ಅಲ್ಲಿಗೇ ನಿಲ್ಲಬೇಕು.

ಕುದುರೆಯ ದಮ್ಮು ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ. ಕಾಲಿನ ಎಲುಬು ಸ್ನಾಯುಗಳು ಬಲಿಯಲು ತಿಂಗಳುಗಳೇ ಬೇಕು. ಹುರುಪಿನ ಕುದುರೆಯನ್ನು ನಂಬಿ ಹೊಸಬನು ಮೋಸಹೋಗುವುದು ಇಲ್ಲಿಯೇ. ಆದುದರಿಂದ ಅವನು ರೈಲುನಿಲ್ದಾಣದ ಬಳಿ ಇಳಿದು, ಜೀನಿನ ಪಟ್ಟಿಯನ್ನು ಸಡಿಲಿಸಿ, ದವಡೆಯ ಕೆಳಗೆ ಬೆರಳಿಟ್ಟು ನಾಡಿಯನ್ನು ಎಣಿಸಬೇಕು. ಗೌರಿಬಿದನೂರಿನ ರೈಲು ಎದುರಿಗೇ ಹಾದುಹೋದರೂ ಎಣಿಕೆ ತಪ್ಪಕೂಡದು.