ಬಾದಾಮಿಯ ಬಂಡೆಯ ಮೇಲೊಬ್ಬ ಕಂಪ್ಯೂಟರ್ ಎಂಜಿನಿಯರ್

ಬಾದಾಮಿಯೆಂದೊಡನೆ ಓದುಗರ ಕಣ್ಣಮುಂದೆ ನಿಲ್ಲುವುವು ನಾಲ್ಕು ಗುಹಾಲಯಗಳು, ಅಗಸ್ತ್ಯತೀರ್ಥ, ಅದರ ದಂಡೆಯ ಭೂತನಾಥ ದೇಗುಲ, ಹಾಗೂ ಯಾತ್ರಿಕರ ಕೈಯ ಬಾಳೆಹಣ್ಣು ಕಸಿಯುವ ಕೋತಿಗಳು. ಆ ಕೆಂಪು ಬಂಡೆಗಳನ್ನು ಬಂಡೆಗಳಿಗಾಗಿಯೇ ಅರಸಿ ಬರುವವರೂ ಇದ್ದಾರೆಂಬುದನ್ನು ಬಹುಜನರು ಅರಿತಿರಲಾರರು. ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲು ತಗ್ಗಿದ ದಿನಗಳಲ್ಲಿ ಬೆಂಗಳೂರು, ಪುಣೆಗಳಿಂದಲೂ ಹೊರದೇಶಗಳಿಂದಲೂ ಹಗ್ಗ ಹೊತ್ತ ತರುಣ ತರುಣಿಯರು ಇಲ್ಲಿಗೆ ಬರುತ್ತಾರೆ. ಕಡಿದಾದ ಗೋಡೆಗಳಲ್ಲಿ ಉಕ್ಕಿನ ಬೋಲ್ಟುಗಳನ್ನು ಕೂರಿಸಿದ ನೂರಕ್ಕೂ ಮಿಕ್ಕ ಏರುದಾರಿಗಳಿವೆ. ಅತಿ ಕಠಿಣವಾದವುಗಳಲ್ಲೊಂದಕ್ಕೆ ‘ಗಣೇಶ’ ಎಂದೇ ಹೆಸರು. ಫ್ರೆಂಚ್ ಅಳತೆಯಲ್ಲಿ ಅದರ ದರ್ಜೆ 8ಬಿ+. ವಿಘ್ನನಿವಾರಕನ ಹೆಸರಿನ ದಾರಿಯಲ್ಲಿ ಹೆಜ್ಜೆಗೊಂದು ವಿಘ್ನವಿದೆಯಂತೆ!

ಕಳೆದ ಚಳಿಗಾಲದಲ್ಲಿ ನಾವು ಕಪ್ಪೆ ಅರಭಟ್ಟನ ಶಾಸನವನ್ನು ಮತ್ತೊಮ್ಮೆ ಕಣ್ಣಾರೆ ಕಾಣಲು ಹೋಗಿದ್ದೆವು. ನಮ್ಮನ್ನು ಕರೆದೊಯ್ದವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮಗ. ಹದಿನೈದು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮಗೆ ಶಾಸನದ ತ್ರಿಪದಿಯ ಗೀಳು, ಅವನಿಗೆ ಬಂಡೆಯ ಗೀಳು. ಇಬ್ಬರಿಗೂ ಒಂದೇ ಊರು ಸಾಕಾಯಿತು.

ಮರುದಿನ ಬೆಳಿಗ್ಗೆ ನೆರಳಿನಲ್ಲಿ ಕುಳಿತು ಅವನ ಏರಾಟವನ್ನು ನೋಡಿದೆವು. ಸೊಂಟಕ್ಕೆ ಪಟ್ಟಿ, ಕಾಲಿಗೆ ರಬ್ಬರಿನ ಬಿಗಿ ಬೂಟು, ಬೆವರು ಹೀರಲು ಕೈಗೆ ಬಿಳಿಯ ಪುಡಿ. ಕೆಳಗೆ ಹಗ್ಗ ಹಿಡಿದವನು ಇದೇ ಊರಿನ ಹುಡುಗ, ಪಿಯುಸಿ ವಿದ್ಯಾರ್ಥಿ. ಏರುವ ಮೊದಲು ಇಬ್ಬರೂ ಒಬ್ಬರ ಗಂಟನ್ನೊಬ್ಬರು ಮುಟ್ಟಿ ನೋಡಿದರು. ಅಂಕಿ ಎಂಟರ ಆಕಾರದ ಆ ಗಂಟನ್ನು ಸಾವಿರ ಸಲ ಹಾಕಿದವನೂ ಈ ತಪಾಸಣೆಯನ್ನು ಬಿಡುವಂತಿಲ್ಲ. ತಮ್ಮ ಕಚೇರಿಯಲ್ಲಿಯೂ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿಯೇ ಮುಂದಕ್ಕೆ ಬಿಡುವ ಪದ್ಧತಿಯಿದೆಯೆಂದು ಅವನು ಹೇಳಿದ.

ಇಪ್ಪತ್ತು ಅಡಿ ಏರಿದ ಮೇಲೆ ಅವನ ತೋಳು ನಡುಗತೊಡಗಿದವು. ಕೆಳಗಿನಿಂದ ಹುಡುಗ ಕೂಗಿದ: “ಸರ, ಕೈ ಚಿಂತಿ ಬ್ಯಾಡ್ರಿ. ಕಾಲ ಎಲ್ಲಿ ಐತಿ ನೋಡ್ರಿ!” ಎಂಜಿನಿಯರ್ ಕಾಲು ನೋಡಲಿಲ್ಲ, ಬಿದ್ದ. ನಮ್ಮ ಎದೆ ಧಸಕ್ಕೆಂದಿತು. ಹಗ್ಗ ಹಿಗ್ಗಿ ಅವನನ್ನು ತೊಟ್ಟಿಲಿನಂತೆ ತೂಗಿತು.

ಈ ಹಿಗ್ಗುವಿಕೆಯಲ್ಲಿಯೇ ಜೀವವಿರುವುದು. ಬಾವಿಯ ಹಗ್ಗದಂತೆ ಇದು ಜಗ್ಗದೆ ನಿಂತರೆ, ಬಿದ್ದವನ ಬೆನ್ನೆಲುಬು ಮುರಿದೀತು. ಬೀಳುವ ದೂರವನ್ನು ಬಿಟ್ಟ ಹಗ್ಗದ ಉದ್ದದಿಂದ ಭಾಗಿಸಿ ಪೆಟ್ಟಿನ ತೀವ್ರತೆಯನ್ನು ಅಳೆಯುತ್ತಾರೆ. ಆದ್ದರಿಂದ ಹೆಚ್ಚು ಹಗ್ಗ ಬಿಟ್ಟಾಗ ಬಿದ್ದುದಕ್ಕಿಂತ ಗಿಡ್ಡ ಹಗ್ಗದಲ್ಲಿ ಅಷ್ಟೇ ದೂರ ಬಿದ್ದರೆ ಪೆಟ್ಟು ಹೆಚ್ಚು. ಒಂಟಿಯಾಗಿ ಬಳಸುವ ಹಗ್ಗವು 80 ಕಿಲೋ ತೂಕದ ಕನಿಷ್ಠ 5 ಬೀಳುಗಳನ್ನು ಪರೀಕ್ಷಾಲಯದಲ್ಲಿ ತಾಳಿಕೊಂಡರೆ ಮಾತ್ರ ಅಂತರರಾಷ್ಟ್ರೀಯ ಮನ್ನಣೆ. ಬಿರುಕಿನಲ್ಲಿ ಸಿಲುಕಿಸುವ ‘ಫ್ರೆಂಡ್’ ಎಂಬ ಇನ್ನೊಂದು ಸಾಧನವೂ ಉಂಟು. ಕೆಳಕ್ಕೆ ಜಗ್ಗಿದಷ್ಟೂ ಅದರ ಹಲ್ಲುಗಳು ಬಂಡೆಯನ್ನು ಹೊರಕ್ಕೆ ಒತ್ತುತ್ತವೆ. ಅದನ್ನು ರೂಪಿಸಿದ ರೇ ಜಾರ್ಡಿನ್ ಅಮೆರಿಕದ ವ್ಯೋಮಯಾನ ಎಂಜಿನಿಯರ್. 1978ರಲ್ಲಿ ಅದು ಮಾರಾಟಕ್ಕೆ ಬಂತು. ಬಂಡೆಗೂ ಯಂತ್ರವಿದ್ಯೆಗೂ ನಂಟು ಹೊಸದಲ್ಲವೆನ್ನಲು ಇದನ್ನು ಹೇಳಿದೆವು.

ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಮುಂದೆ ಕುಳಿತಾಗ ಅವನ ಮನದ ಮಾತು ಹೊರಬಿತ್ತು. ಈಗ ಪ್ರೋಗ್ರಾಮನ್ನು ಬಹುಮಟ್ಟಿಗೆ ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದೆ. ಕೆಲವು ತಿಂಗಳ ಹಿಂದೆ ನಡುರಾತ್ರಿ ಅವರ ಕೆಲಸವೊಂದು ಕೆಟ್ಟು ನಿಂತಾಗ, ಕಿರಿಯರಾರಿಗೂ ಕಾರಣ ಹೊಳೆಯಲಿಲ್ಲವಂತೆ. ಆ ಸಾಲುಗಳನ್ನು ಅವರಾರೂ ಬರೆದಿರಲೇ ಇಲ್ಲ. “ಗುರುಗಳೇ, ಹಿರಿಯನೆಂದು ನಾನೇ ಕುಳಿತೆ. ನನ್ನ ಕೈಗೂ ರೂಢಿ ತಪ್ಪಿತ್ತು. ಬೆಳಗಾಯಿತು. ಈ ಕೆಲಸ ಇನ್ನೆಷ್ಟು ವರ್ಷ ನನ್ನದಾಗಿರುತ್ತದೋ ತಿಳಿಯದು. ಮನೆಯ ಸಾಲ ಇನ್ನೂ ಹನ್ನೆರಡು ವರ್ಷದ್ದಿದೆ,” ಎಂದ.

ನಾವು ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡಿದವರು. ಆ ಕ್ರಮವನ್ನು ನಾವು ಪೂರ್ತಿ ಹೊಗಳಲಾರೆವು. ಬೆತ್ತಕ್ಕೆ ಹೆದರಿ ವಿದ್ಯೆಯನ್ನೇ ತೊರೆದ ಸಹಪಾಠಿಗಳೂ ಇದ್ದರು. ಆದರೂ ಕಂಠದಲ್ಲಿ ನೆಲೆಸಿದ ಶಬ್ದವು ಅರವತ್ತು ದಾಟಿದ ಮೇಲೂ ಕರೆದೊಡನೆ ಬರುತ್ತದೆ. ಪುಸ್ತಕದಲ್ಲಿಯೇ ಉಳಿದುದನ್ನು ಹುಡುಕಬೇಕು, ಹುಡುಕಲು ಅದು ಇದೆಯೆಂಬುದಾದರೂ ನೆನಪಿರಬೇಕು. ಯಂತ್ರವನ್ನು ಬಿಟ್ಟುಬಿಡೆಂದು ಅವನಿಗೆ ನಾವು ಹೇಳಲಿಲ್ಲ. ಹಗ್ಗವೂ ಯಂತ್ರವಿದ್ಯೆಯ ಫಲವೇ ಅಲ್ಲವೆ? ಆದರೆ ಹಗ್ಗ ಅವನನ್ನು ಮೇಲಕ್ಕೆ ಎಳೆಯಲಿಲ್ಲ, ಬಿದ್ದಾಗ ಹಿಡಿಯಿತು. ಎಳೆಯುವ ಹಗ್ಗಕ್ಕೂ ಹಿಡಿಯುವ ಹಗ್ಗಕ್ಕೂ ಇರುವ ಅಂತರವನ್ನು ಅವನೇ ನಮಗಿಂತ ಮೊದಲು ಗುರುತಿಸಿದ.

ಸಂಜೆ ಮೂರನೆಯ ಗುಹೆಗೆ ಹತ್ತಿದೆವು. ಅಲ್ಲಿ ಮಂಗಳೇಶನ ಶಾಸನ, ಕ್ರಿ.ಶ. 578ರದು. ಆ ಶಿಲ್ಪಿಗಳು ಕಲ್ಲನ್ನು ಕಟ್ಟಿದವರಲ್ಲ, ಕಳೆದವರು. ಒಂದು ಏಟು ಹೆಚ್ಚಾದರೆ ಮರಳಿ ಅಂಟಿಸುವಂತಿರಲಿಲ್ಲ. ಗಣಕದಲ್ಲಿ ಒಂದು ಗುಂಡಿ ಒತ್ತಿದರೆ ಅಳಿಸಿದ್ದು ಹಿಂದಿರುಗುತ್ತದೆ. ಎಂಜಿನಿಯರ್ ಕಂಬದ ಬಳಿ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದ.

ಇಳಿದು ಬರುವಾಗ ಆ ಹುಡುಗ ಹಿಂಬಾಲಿಸಿದ. ತನಗೂ ಕಂಪ್ಯೂಟರ್ ಕಲಿಸಬೇಕೆಂದು ಕೇಳಿದ. ಅವನ ಮೊಬೈಲಿನಲ್ಲಿಯೂ ಪ್ರೋಗ್ರಾಮು ಬರೆದುಕೊಡುವ ಆ ಯಂತ್ರವಿತ್ತು. ಎಂಜಿನಿಯರ್ ಸೋಮವಾರಕ್ಕೆ ರಜೆ ಪಡೆದು ನಿಂತ. ಚಹಾದಂಗಡಿಯ ಬೆಂಚಿನ ಮೇಲೆ ಮೊಬೈಲನ್ನು ಮಗುಚಿಟ್ಟು, ನೋಟುಬುಕ್ಕಿನಲ್ಲಿ ಹತ್ತು ಸಾಲು ಬರೆಯಿಸಿದ. ನಾಲ್ಕನೆಯ ಸಾಲಿನಲ್ಲಿ ತಪ್ಪಿತ್ತಂತೆ. ಅವನು ತೋರಿಸಲಿಲ್ಲ. ಹುಡುಗ ಪೆನ್ಸಿಲು ಕಚ್ಚುತ್ತ ಮೊದಲ ಸಾಲಿನಿಂದ ಮತ್ತೆ ಓದತೊಡಗಿದ. ನಾವು ಎರಡನೆಯ ಚಹಾ ಹೇಳಿದೆವು.