ಸುಮ್‌ಸುಮ್ನೆ ಬಡ್ಕೊಳ್ಳೋ ಅಲಾರಂ

ನಮ್ಮ ಭಾಷೆಯಲ್ಲಿ 'ಸುಮ್‌ಸುಮ್ನೆ' ಅಂತ ಒಂದು ಒಳ್ಳೆ ಪದ ಇದೆ. ಸುಮ್‌ಸುಮ್ನೆ ನಗ್ತಾನೆ, ಸುಮ್‌ಸುಮ್ನೆ ಬೈತಾರೆ, ಸುಮ್‌ಸುಮ್ನೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಟ್ ಮಾಡ್ತಾರೆ. ಮನುಷ್ಯರ ವಿಷಯದಲ್ಲಿ ಈ ಪದ ನಡೆಯುತ್ತೆ. ಆದರೆ ಒಂದು ಕಾರಿನ ಅಲಾರಂ ಬೆಳಗಿನ ಜಾವ ನಾಲ್ಕು ಗಂಟೆಗೆ ಕಿರುಚಿಕೊಂಡರೆ, ಅದರೊಳಗಿನ ಪುಟ್ಟ ಪೆಟ್ಟಿಗೆಗೆ ಯಾವುದೋ ಒಂದು ತಂತಿಯಿಂದ ಸುದ್ದಿ ಬಂದಿದೆ ಅಂತಲೇ ಅರ್ಥ. ಆ ತಂತಿ ಯಾವುದು ಅಂತ ಹುಡುಕಲು ನಮಗೆ ಹೆಚ್ಚುಕಮ್ಮಿ ಒಂದು ತಿಂಗಳು ಹಿಡಿಯಿತು.

ನಾವು ಅಂದರೆ ಒಂದೇ ಲ್ಯಾಬ್ ಬ್ಯಾಚಿನ ಮೂವರು. ಕಾರು ನಮ್ಮಲ್ಲೊಬ್ಬನ ದೊಡ್ಡಪ್ಪನದು, ಊರು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳ. ಹಳೆಯ ಕಾರು. ಅಲಾರಂ ಕಂಪನಿಯಿಂದ ಬಂದದ್ದಲ್ಲ, ಆಮೇಲೆ ಅಂಗಡಿಯಲ್ಲಿ ಹಾಕಿಸಿದ್ದು. ನವೆಂಬರ್‌ನಿಂದ ಅದು ರಾತ್ರಿ ಹೊತ್ತು ಹೊಡ್ಕೊಳ್ಳೋಕೆ ಶುರು ಮಾಡಿತು. ಒಂದೊಂದು ರಾತ್ರಿ ಐದಾರು ಸಲ, ಒಂದೊಂದು ರಾತ್ರಿ ಏನೂ ಇಲ್ಲ. ದೊಡ್ಡಪ್ಪ ಲುಂಗಿಯಲ್ಲೇ ಎದ್ದು ಬಂದು ರಿಮೋಟ್ ಒತ್ತಿ ಹೋಗಿ ಮಲಗೋರು. ಹತ್ತು ನಿಮಿಷಕ್ಕೆ ಮತ್ತೆ.

ನಗೋ ವಿಷಯ ಅನ್ನಿಸಬಹುದು. ಆದರೆ ಆ ಮನೆಯಲ್ಲಿ ಅಜ್ಜಿಗೆ ವಾರಕ್ಕೆ ಎರಡು ಸಲ ಮೈಸೂರಿನಲ್ಲಿ ಡಯಾಲಿಸಿಸ್. ಬೆಳಿಗ್ಗೆ ಆರಕ್ಕೆ ಹೊರಡಬೇಕು. ಡಿಸೆಂಬರ್‌ನ ಒಂದು ಸೋಮವಾರ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದರೆ ಸೆಲ್ಫ್ ಎತ್ತಲಿಲ್ಲ. ಟಕ್ ಟಕ್ ಅಂದಿತು, ಅಷ್ಟೇ. ಆ ಚಳಿಯಲ್ಲಿ ಆಟೋ ಹುಡುಕಿ ಹೋಗಬೇಕಾಯಿತು. ದೊಡ್ಡಪ್ಪನ ತೀರ್ಮಾನ: ರಾತ್ರಿಯೆಲ್ಲ ಬಡ್ಕೊಂಡು ಬ್ಯಾಟರಿ ಕುಡಿದಿದೆ. "ಅದರ ಗಂಟ್ಲು ಕುಯ್ದಾಕ್ಬುಡನ ಕಣ್ರಪ್ಪ," ಅಂದರು ನಮಗೆ. ಸೈರನ್ ವೈರ್ ಕತ್ತರಿಸಿದರೆ ಒಂದು ನಿಮಿಷದ ಕೆಲಸ. ಒಂದು ವಾರ ಕೊಡಿ ದೊಡ್ಡಪ್ಪ ಅಂತ ಕೇಳಿಕೊಂಡೆವು.

ಅಷ್ಟರಲ್ಲಿ ಬೀದಿಯವರೆಲ್ಲ ಒಂದೊಂದು ಕಾರಣ ಹೇಳಿಯಾಗಿತ್ತು. ಹೆಚ್ಚು ಜನ ಹೇಳಿದ್ದು ಕಲ್ಲು ಸಿಡಿಸೋ ಸದ್ದು. ಇದನ್ನು ಸುಲಭವಾಗಿ ತಳ್ಳಿಹಾಕೋ ಹಾಗಿರಲಿಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕ್ವಾರಿಗಳ ವಿಷಯ ಈ ಕಡೆ ಎಲ್ಲರ ಬಾಯಲ್ಲೂ ಇರೋದೇ. 2018ರ ಸೆಪ್ಟೆಂಬರ್ 25ರಂದು ಭಾರಿ ಸದ್ದು ಕೇಳಿಬಂದಾಗ ಕೆಆರ್‌ಎಸ್‌ನಲ್ಲಿರುವ ಭೂಕಂಪನ ಮಾಪಕದಲ್ಲಿ ಕಂಪನ ದಾಖಲಾಗಿತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೇ ಅದನ್ನು ವರದಿ ಮಾಡಿತು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶ ಕೊಟ್ಟಿತು. ಕನ್ನಂಬಾಡಿ ಕಟ್ಟೆಯ ಪಕ್ಕದಲ್ಲಿ ಬದುಕೋ ಜನ ನೆಲ ಅಲುಗಾಡಿದರೆ ಹೆದರೋದು ಸಹಜ. ಕಾರಿನ ಅಲಾರಂನಲ್ಲಿ ಶಾಕ್ ಸೆನ್ಸರ್ ಇರೋದೂ ನಿಜ, ಕಂಪನಕ್ಕೆ ಅದು ಹೊಡ್ಕೊಳ್ಳೋದೂ ನಿಜ.

ಎರಡನೇ ಕಾರಣ ರೈಲು. ಮೈಸೂರು–ಹಾಸನ ಲೈನು ಬೆಳಗೊಳದ ಮೇಲೇ ಹೋಗುತ್ತೆ. ಮೂರನೆಯದು ಬೆಕ್ಕು. ನಾಲ್ಕನೆಯದು ಹೆಗ್ಗಣ ವೈರ್ ಕಡಿದಿದೆ ಅನ್ನೋದು. ಐದನೆಯದನ್ನು ಹೇಳಿದವರು ಎದುರುಮನೆ ಅಜ್ಜ: "ಕಾರಿಗೆ ದೃಷ್ಟಿ ತೆಗೀರಿ." ಅದನ್ನು ದೊಡ್ಡಮ್ಮ ಆಗಲೇ ತೆಗೆದಾಗಿತ್ತು.

ಮೊದಲ ಕೆಲಸವಾಗಿ ಅಲಾರಂಗೆ ಎಲ್ಲೆಲ್ಲಿಂದ ಸುದ್ದಿ ಬರುತ್ತೆ ಅಂತ ಒಂದು ಚಿತ್ರ ಬರೆದುಕೊಂಡೆವು. ನಾಲ್ಕು ಬಾಗಿಲಿನ ಸ್ವಿಚ್, ಡಿಕ್ಕಿ ಸ್ವಿಚ್, ಬಾನೆಟ್ ಸ್ವಿಚ್, ಶಾಕ್ ಸೆನ್ಸರ್, ಇಗ್ನಿಷನ್ ವೈರ್, ಬ್ಯಾಟರಿ. ಇಷ್ಟೇ. ಕಳ್ಳ, ಬೆಕ್ಕು, ರೈಲು, ಬೇಬಿ ಬೆಟ್ಟ ಎಲ್ಲವೂ ಇವುಗಳಲ್ಲಿ ಒಂದರ ಮೂಲಕವೇ ಒಳಗೆ ಬರಬೇಕು. ಇದನ್ನು ಬರೆದ ಮೇಲೆ ತಲೆ ಸ್ವಲ್ಪ ತಣ್ಣಗಾಯಿತು. ಹೊರಗಿನ ಕಾರಣಗಳಿಗೆ ಲೆಕ್ಕವಿಲ್ಲ, ಒಳಗೆ ಬರೋ ದಾರಿಗಳು ಒಂಬತ್ತು ಮಾತ್ರ.

ಎರಡನೇ ಕೆಲಸ ಡೈರಿ. ನಾವು ವಾರದ ಕೊನೆಗೆ ಮಾತ್ರ ಹೋಗೋರು, ಅಲಾರಂ ಹೊಡ್ಕೊಳ್ಳೋದು ಯಾವಾಗಲೋ. ಬರ್ಕೊಳ್ಳೋರು ಯಾರು? ಸಿಕ್ಕಿದ್ದು ದೊಡ್ಡಪ್ಪನ ಮಗಳು. ಎಸ್‌ಎಸ್‌ಎಲ್‌ಸಿ, ದಿನಾ ನಾಲ್ಕಕ್ಕೆ ಎದ್ದು ಓದೋಳು, ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದಿದ್ದೂ ಅವಳಿಗೇ. ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದು ತಾರೀಖು, ಹೊಡ್ಕೊಂಡ ಸಮಯ, ಎಷ್ಟು ಸಲ ಅಂತ ಮೂರು ಕಾಲಂ ಮಾಡಿಕೊಟ್ಟೆವು. ಅವಳೇ ನಾಲ್ಕನೆಯದನ್ನು ಸೇರಿಸಿಕೊಂಡಳು: "ಗಾಜಿನ ಮೇಲೆ ಇಬ್ಬನಿ ಇತ್ತಾ?" ಯಾಕಮ್ಮ ಅಂದರೆ, "ಅಪ್ಪ ದಿನಾ ಗ್ಲಾಸ್ ಒರೆಸ್ತಾ ಬೈಕೊಂತಾ ಇರ್ತಾರಲ್ಲಣ್ಣ, ಅದಕ್ಕೆ" ಅಂದಳು.

ಬೆಕ್ಕನ್ನು ವಿಚಾರಣೆ ಮಾಡಿದ್ದು ಅಜ್ಜಿ. ಕಾರಿನ ಸುತ್ತ, ಬಾನೆಟ್ ಮೇಲೂ, ತೆಳ್ಳಗೆ ಒಲೆ ಬೂದಿ ಉದುರಿಸಿ ಅಂದರು. ಬೆಳಿಗ್ಗೆ ಹೆಜ್ಜೆ ಗುರುತು ಸಿಕ್ಕಿತು. ಬೆಕ್ಕು ಬರೋದು ನಿಜ. ಆದರೆ ಅಲಾರಂ ಹೊಡ್ಕೊಳ್ಳದೆ ಇದ್ದ ರಾತ್ರಿಗಳಲ್ಲೂ ಅದೇ ಬಾನೆಟ್ ಮೇಲೆ ಅದೇ ಹೆಜ್ಜೆ. ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಅಜ್ಜಿ ಹೇಳಿದ್ದು ಇಷ್ಟೇ: "ಪಾಪ, ಅದನ್ನ ಬುಟ್ಬುಡ್ರಪ್ಪ." ಹೆಗ್ಗಣ ಕಡಿದ ಗುರುತು ಯಾವ ವೈರಿನ ಮೇಲೂ ಇರಲಿಲ್ಲ.

ಹದಿನಾರು ರಾತ್ರಿಯ ಲೆಕ್ಕ ಸೇರಿದ ಮೇಲೆ ಕೂತು ನೋಡಿದೆವು. ಒಂಬತ್ತು ರಾತ್ರಿ ಹೊಡ್ಕೊಂಡಿತ್ತು. ಎಲ್ಲವೂ ಮೂರೂವರೆಯಿಂದ ಆರರೊಳಗೆ. ಒಂದು ರೈಲು ಹೋಗೋ ಸಮಯಕ್ಕೆ ಎಲ್ಲ ಕೂಡಿರಲಿಲ್ಲ. ಪಕ್ಕದ ಬೀದಿಯಲ್ಲಿ ಅಲಾರಂ ಇರೋ ಇನ್ನೆರಡು ಕಾರುಗಳು ಆ ಹೊತ್ತಿಗೆ ತೆಪ್ಪಗಿದ್ದವು. ನೆಲ ಅಲುಗಿದ್ದರೆ ಅವೂ ಕೂಗಬೇಕಿತ್ತಲ್ಲ. ಇಬ್ಬನಿ ಕಾಲಂ ನೋಡಿದಾಗ ಮಾತ್ರ ಮೂವರೂ ಸುಮ್ಮನಾದೆವು. ಒಂಬತ್ತಕ್ಕೆ ಒಂಬತ್ತೂ "ಇತ್ತು". ಹೊಡ್ಕೊಳ್ಳದ ಏಳರಲ್ಲಿ ಐದು "ಇಲ್ಲ".

ಇಬ್ಬನಿ ಬೀಳೋದು ಆಕಾಶ ತಿಳಿಯಾಗಿ ಇರೋ ರಾತ್ರಿ. ಮೋಡ ಇದ್ದರೆ ನೆಲದ ಕಾವು ಹಿಡಿದಿಟ್ಟಂತಾಗಿ ಲೋಹ ಅಷ್ಟು ತಣ್ಣಗಾಗಲ್ಲ. ಬೆಳಗೊಳದ ಸುತ್ತ ಕಾಲುವೆ, ಗದ್ದೆ, ಕಬ್ಬು. ಗಾಳಿಯಲ್ಲಿ ನೀರಿಗೆ ಬರವಿಲ್ಲ. ತಣ್ಣಗಾದ ಕಾರಿನ ತಗಡಿನ ಮೇಲೆ ಅದು ಕೂತೇ ಕೂರುತ್ತೆ.

ಆದರೂ ಡೈರಿ ತೋರಿಸಿದ್ದು ಬರೀ ಜೊತೆ, ಕಾರಣ ಅಲ್ಲ. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ನಿಯಮ ಮಾಡಿಕೊಂಡೆವು. ಮೊದಲು ಶಾಕ್ ಸೆನ್ಸರ್‌ನ ಪ್ಲಗ್ ಕಿತ್ತಿಟ್ಟೆವು. ಆ ರಾತ್ರಿಯೂ ಅಲಾರಂ ಹೊಡ್ಕೊಂಡಿತು. ಅಲ್ಲಿಗೆ ಬೇಬಿ ಬೆಟ್ಟ, ರೈಲು, ಬೆಕ್ಕು ಮೂರೂ ಒಟ್ಟಿಗೆ ಬಿಡುಗಡೆ. ಪ್ಲಗ್ ವಾಪಸ್ ಹಾಕಿ, ಬಾಗಿಲು ಮತ್ತು ಡಿಕ್ಕಿ ಸ್ವಿಚ್‌ಗಳನ್ನು ನೋಡಿದೆವು. ಒಳಗಿನ ಲೈಟು ಸರಿಯಾಗಿ ಹತ್ತಿ ಆರುತ್ತಿತ್ತು, ರಬ್ಬರ್ ಗಟ್ಟಿಯಾಗಿತ್ತು. ಉಳಿದದ್ದು ಬಾನೆಟ್ ಸ್ವಿಚ್. ಇಬ್ಬನಿಗೆ ಹತ್ತಿರ ಇರೋದೂ ಅದೇ.

ಬಾನೆಟ್ ಸ್ವಿಚ್ ಅಂದರೆ ಒಂದು ಪುಟ್ಟ ಕಡ್ಡಿ, ಅದರ ಕೆಳಗೊಂದು ಸ್ಪ್ರಿಂಗು. ಬಾನೆಟ್ ಮುಚ್ಚಿದಾಗ ಕಡ್ಡಿ ಒತ್ತಿಕೊಂಡು ಒಳಗಿನ ಎರಡು ಲೋಹ ದೂರ ಇರುತ್ತವೆ. ತೆರೆದರೆ ಕಡ್ಡಿ ಮೇಲೆದ್ದು ತಂತಿ ಬಾಡಿಗೆ, ಅಂದರೆ ಅರ್ಥಿಂಗ್‌ಗೆ ಸೇರುತ್ತೆ. ಅಲಾರಂಗೆ ಗೊತ್ತಾಗೋದು ಅಷ್ಟೇ: ತಂತಿ ಅರ್ಥ್ ಆಯಿತು, ಯಾರೋ ಬಾನೆಟ್ ಎತ್ತಿದರು. ನಮ್ಮ ಕಾರಿನ ಸ್ವಿಚ್ಚಿಗೆ ರಬ್ಬರ್ ಟೋಪಿಯೇ ಇರಲಿಲ್ಲ. ತುಕ್ಕು, ಹಸಿರು ಬೂಷ್ಟು, ಧೂಳು ಸೇರಿ ಒಂದು ಪದರ ಕಟ್ಟಿತ್ತು.

ಸ್ವಿಚ್‌ನಿಂದ ಅಲಾರಂ ತಂತಿ ಬಿಡಿಸಿ, ಸ್ವಿಚ್ಚಿಗೊಂದು ಬಾಡಿಗೊಂದು ಉದ್ದ ವೈರ್ ಕಟ್ಟಿ ಹೊರಗೆ ತಂದು, ಬಾನೆಟ್ ಮುಚ್ಚಿ ಮಲ್ಟಿಮೀಟರ್ ಇಟ್ಟೆವು. ಸಂಜೆ ಮೀಟರ್ ಏನೂ ತೋರಿಸಲಿಲ್ಲ, ಅಂದರೆ ಸರ್ಕ್ಯೂಟ್ ತೆರೆದೇ ಇದೆ. ಅದು ಸರಿ. ಬೆಳಗಿನ ಜಾವ ನಾಲ್ಕೂಕಾಲಿಗೆ ಅದೇ ಮೀಟರ್ ಎರಡು, ಮೂರು ಕಿಲೋ ಓಮ್ ಅಂತ ಕುಣೀತಾ ಇತ್ತು. ಬಾನೆಟ್ ಮುಚ್ಚೇ ಇದೆ, ಆದರೆ ಒದ್ದೆಯಾದ ತುಕ್ಕಿನ ಮೂಲಕ ಕರೆಂಟ್ ಸೋರಿ ಬಾಡಿಗೆ ಹೋಗ್ತಿದೆ. ಅಲಾರಂ ಸುಳ್ಳು ಹೇಳ್ತಿರಲಿಲ್ಲ. ಅದಕ್ಕೆ ಬಂದ ಸುದ್ದಿಯೇ ಹಾಗಿತ್ತು.

ಕೊನೆಯ ಪರೀಕ್ಷೆ ಮಟಮಟ ಮಧ್ಯಾಹ್ನ ಮಾಡಿದೆವು. ತಂತಿ ಮೊದಲಿನಂತೆ ಜೋಡಿಸಿ, ಸ್ವಿಚ್ ಮೇಲೆ ಗಿಡಕ್ಕೆ ನೀರು ಚಿಮುಕಿಸೋ ಬಾಟಲಿಯಿಂದ ಎರಡು ಸಲ ಒತ್ತಿ, ಬಾನೆಟ್ ಮುಚ್ಚಿ, ರಿಮೋಟ್ ಹಾಕಿ ಕಾದೆವು. ಒಂದು ನಿಮಿಷದೊಳಗೆ ಇಡೀ ಬೀದಿಗೆ ಕೇಳೋ ಹಾಗೆ ಕೂಗಿತು. ಆಗಾಗ ಬಂದು ಹೋಗೋ ತೊಂದರೆಯನ್ನು ನಮಗೆ ಬೇಕಾದಾಗ ಬರಿಸೋಕೆ ಆಯಿತು ಅಂದರೆ ಅದು ಕೈಗೆ ಸಿಕ್ಕ ಹಾಗೆ.

ಸ್ವಿಚ್ ತಂತಿ ಕಿತ್ತುಹಾಕಿ ಅಲ್ಲಿಗೆ ಮುಗಿಸಬಹುದಿತ್ತು. ಆಗ ಬಾನೆಟ್ ಎತ್ತಿ ಬ್ಯಾಟರಿ ಕದ್ದರೂ ಅಲಾರಂಗೆ ತಿಳಿಯಲ್ಲ. ರಬ್ಬರ್ ಟೋಪಿ ಇರೋ ಹೊಸ ಸ್ವಿಚ್ ತಂದು, ಕೂರೋ ಜಾಗ ಉಜ್ಜಿ, ಗ್ರೀಸ್ ಹಚ್ಚಿ ಹಾಕಿದೆವು. ಖರ್ಚು ನೂರೈವತ್ತು ರೂಪಾಯಿಯೊಳಗೆ.

ಆದರೆ ಅಜ್ಜಿಯ ಸೋಮವಾರದ ಲೆಕ್ಕ ಇನ್ನೂ ಬಾಕಿ ಇತ್ತು. ಅಲಾರಂ ನಿಜವಾಗಲೂ ಬ್ಯಾಟರಿ ಕುಡಿದಿತ್ತಾ? ನಾಲ್ಕು ಇಂಡಿಕೇಟರ್ ಬಲ್ಬು, ಒಂದೊಂದು 21 ವ್ಯಾಟ್, ಒಟ್ಟು 84. ಹನ್ನೆರಡು ವೋಲ್ಟಿಗೆ 7 ಆಂಪಿಯರ್. ಮಿಣುಕೋದರಿಂದ ಅರ್ಧ ಹೊತ್ತು ಮಾತ್ರ, ಅಂದರೆ 3.5. ಸೈರನ್ನಿಗೆ ಒಂದೂವರೆ ಸೇರಿಸಿ 5 ಅನ್ನೋಣ. ಒಂದು ಸಲಕ್ಕೆ 30 ಸೆಕೆಂಡ್, ರಾತ್ರಿಗೆ ಆರು ಸಲ ಅಂದರೆ ಮೂರು ನಿಮಿಷ. ಒಟ್ಟು 0.25 ಆಂಪಿಯರ್ ಅವರ್. ಕಾರಿನ ಬ್ಯಾಟರಿ 35. ನೂರಕ್ಕೆ ಒಂದು ಭಾಗವೂ ಆಗಲಿಲ್ಲ.

ಅಂದರೆ ಅಲಾರಂ ನಿಲ್ಲಿಸಿದರೂ ಮುಂದಿನ ಸೋಮವಾರ ಸೆಲ್ಫ್ ಎತ್ತುತ್ತಿತ್ತು ಅನ್ನೋ ಭರವಸೆ ಇರಲಿಲ್ಲ. ಚೆನ್ನಾಗಿರೋ ಬ್ಯಾಟರಿ ನಿಂತ ಕಾರಿನಲ್ಲಿ 12.6 ವೋಲ್ಟ್ ಸುತ್ತಮುತ್ತ ಇರಬೇಕು. ಇದು ಬೆಳಿಗ್ಗೆ 12.1. ಸೆಲ್ಫ್ ಹೊಡೆದಾಗ ಎಂಟಕ್ಕೆ ಕುಸಿಯುತ್ತಿತ್ತು. ಇಂಜಿನ್ ಓಡುವಾಗ 14.1 ತೋರಿಸಿತು, ಚಾರ್ಜಿಂಗ್ ಸರಿಯಿದೆ. ನಾಲ್ಕು ವರ್ಷ ದಾಟಿದ ಬ್ಯಾಟರಿ, ಅದರ ಆಯಸ್ಸು ಮುಗಿದಿತ್ತು. ಎರಡು ಬೇರೆ ಬೇರೆ ತೊಂದರೆ ಒಂದೇ ಚಳಿಗಾಲದಲ್ಲಿ ಬಂದು ಒಂದೇ ತರ ಕಾಣಿಸಿದ್ದವು. ಸೈರನ್ ಕತ್ತರಿಸಿ ನೆಮ್ಮದಿಯಾಗಿ ಮಲಗಿದ್ದರೆ ಅಜ್ಜಿಯೇ ಮತ್ತೆ ಚಳಿಯಲ್ಲಿ ಕಾಯಬೇಕಿತ್ತು. ದೊಡ್ಡಪ್ಪ ಆ ಲೆಕ್ಕದ ಹಾಳೆಯನ್ನು ಎರಡು ಸಲ ಓದಿ, ಅವತ್ತೇ ಮೈಸೂರಿಗೆ ಹೋಗಿ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದರು.

ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಡಿಸೆಂಬರ್ ಕೊನೆ ಹೊತ್ತಿಗೆ ಅಲಾರಂ ಹೊಡ್ಕೊಂಡರೆ ಬೀದಿಯಲ್ಲಿ ಯಾರೂ ಕಿಟಕಿಯನ್ನೂ ತೆಗೀತಿರಲಿಲ್ಲ. ತೋಳ ಬಂತು ತೋಳ ಕಥೆಯೇ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಮಿತಿ 45 ಡೆಸಿಬಲ್ ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತೆ. ಸೈರನ್ ಅದಕ್ಕಿಂತ ಎಷ್ಟೋ ಜೋರು. ಅಷ್ಟು ಜೋರಾಗಿ ಕೂಗಿಯೂ ಯಾರೂ ನಂಬದ ಯಂತ್ರ ಯಾರಿಗೆ ಬೇಕು?

ಅದೇ ಬೆಳಗೊಳದ ಪಕ್ಕದಲ್ಲಿ ಕನ್ನಂಬಾಡಿ ಕಟ್ಟೆ ಇದೆ. ನೀರು ಏರಿದಾಗ ತಾವಾಗಿ ತೆರೆದುಕೊಳ್ಳುವ ಗೇಟುಗಳನ್ನು ವಿಶ್ವೇಶ್ವರಯ್ಯನವರು ಮೊದಲು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಹಾಕಿಸಿದರು. ಆ ವ್ಯವಸ್ಥೆ ಆಮೇಲೆ ಇಲ್ಲಿಗೂ ಬಂತು. ಪಕ್ಕದಲ್ಲಿ ಮನುಷ್ಯ ಇಲ್ಲದಿದ್ದರೂ ತಾನಾಗಿ ಕೆಲಸ ಮಾಡೋ ಯಂತ್ರಕ್ಕೆ ಬೇಕಾದ ಮೊದಲ ಗುಣ ನಂಬಿಕೆ. ಬೇಡದಾಗ ತೆರೆಯಬಾರದು, ಬೇಕಾದಾಗ ತೆರೆಯದೆ ಇರಬಾರದು. ಮುಂದೆ ನಾವೆಲ್ಲ ಏನೇನೋ ಸೆನ್ಸರ್ ಕೂರಿಸೋರು. ಆ ಸೆನ್ಸರಿನ ರಬ್ಬರ್ ಟೋಪಿ ಉಳಿಸಿದ ಹತ್ತು ರೂಪಾಯಿಗೆ ಯಾವುದೋ ಊರಿನ ಎಸ್‌ಎಸ್‌ಎಲ್‌ಸಿ ಹುಡುಗಿ ನಿದ್ದೆ ಕಳ್ಕೊಬಾರದು.

ಹಾಸ್ಟೆಲ್ ಪಾರ್ಕಿಂಗ್‌ನಲ್ಲೂ ಇಂಥ ಎರಡು ಗಾಡಿ ಇವೆ, ನಿಮಗೂ ಗೊತ್ತು. ಮಾಲೀಕರು ಇದನ್ನು ಓದ್ತಾ ಇದ್ದರೆ ಅವರಿಗೆ ಒಂದು ಮಾತು: ವೈರ್ ಕತ್ತರಿಸೋ ಮೊದಲು ಒಂದು ಹಾಳೆ ತಗೊಳ್ಳಿ, ಹೊಡ್ಕೊಂಡ ಸಮಯ ಬರೀರಿ, ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಡಿ. ಅದರಲ್ಲಿ ಏನು ತುಂಬಬೇಕು ಅಂತ ನಿಮ್ಮ ಸುತ್ತ ಇರೋ ಯಾರಿಗೋ ಗೊತ್ತಿರುತ್ತೆ.